ಒಪ್ಪಿಕೊಳ್ಳುವ ಬಾಯಿ ಯಾರದು? ಪಾದ್ರಿಯ ತಪ್ಪು ಮತ್ತು ಸಭೆಗೆ ಸಲ್ಲಬೇಕಾದ ಮಾತು

ಪ್ರಕಟಣೆ ಎರಡೇ ಸಾಲಿನದು. "ನಮ್ಮ ಗುರುಗಳು ಆರೋಗ್ಯದ ಕಾರಣದಿಂದ ಬೇರೆಡೆಗೆ ತೆರಳಿದ್ದಾರೆ. ಅವರಿಗಾಗಿ ಪ್ರಾರ್ಥಿಸೋಣ." ಭಾನುವಾರದ ಆರಾಧನೆಯ ಕೊನೆಯಲ್ಲಿ, ಗಾಯನ ಅಭ್ಯಾಸದ ಸಮಯಕ್ಕೂ ಸಮಾಧಿ ಸ್ಥಳದ ಬೇಲಿಯ ಚಂದಾಕ್ಕೂ ನಡುವೆ ಅದನ್ನು ಓದಿ ಮುಗಿಸಿದರು. ಹಿಂದಿನ ಭಾನುವಾರ ಮುಕ್ಕಾಲು ಗಂಟೆ ಗಟ್ಟಿ ದನಿಯಲ್ಲಿ ಬೋಧನೆ ಮಾಡಿದ್ದವರು, ವಾರದ ನಡುವೆ ಸಂತೆಯಿಂದ ಎರಡು ಕೈಚೀಲ ತುಂಬಿಕೊಂಡು ಏರು ಹತ್ತಿದ್ದವರು. ಅಂಥವರ ಆರೋಗ್ಯಕ್ಕೆ ಒಂದು ರಾತ್ರಿಯಲ್ಲಿ ಏನಾಯಿತು ಎಂದು ಯಾರೂ ಕೇಳಲಿಲ್ಲ. ಕೇಳದೆ ಎಲ್ಲರೂ ಉತ್ತರ ಹುಡುಕಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಎರಡು ಕಥೆ, ಸಂಜೆಗೆ ಐದು. ಒಂದರಲ್ಲಿ ಕಟ್ಟಡ ನಿಧಿಯ ಹಣ, ಇನ್ನೊಂದರಲ್ಲಿ ಯಾವುದೋ ತೋಟದ ಕೂಲಿಯವರ ಲೈನ್ ಮನೆ. ಮೂರನೆಯದರಲ್ಲಿ ಗಾಯನ ತಂಡ ನಡೆಸುತ್ತಿದ್ದ ಟೀಚರ್ ಹೆಸರು ಬಂತು. ಅವರಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅದು ನಮಗೆ ಖಚಿತವಾಗಲು ಒಂದೂವರೆ ವರ್ಷ ಹಿಡಿಯಿತು, ಅದೂ ಆ ಪಾದ್ರಿ ಹೋದ ಕಡೆಯಿಂದ ಇನ್ನೊಂದು ದೂರು ಬಂದು, ಹಳೆಯದನ್ನು ಕೆದಕಬೇಕಾಗಿ ಬಂದದ್ದರಿಂದ. ಅಷ್ಟರಲ್ಲಿ ಟೀಚರ್ ಗಾಯನ ತಂಡ ಬಿಟ್ಟಿದ್ದರು. ಮುಂದಿನ ಸಾಲಿನ ಬೆಂಚಿನಲ್ಲಿ ಕೂರುತ್ತಿದ್ದವರು ಬಾಗಿಲ ಬಳಿಯ ಬೆಂಚಿಗೆ ಬಂದಿದ್ದರು.

ಯಾವ ಊರು, ಯಾವ ಚರ್ಚ್, ಕಥೋಲಿಕರದೋ ಪ್ರೊಟೆಸ್ಟಂಟರದೋ ಎಂದು ಬರೆಯುವುದಿಲ್ಲ. ಕೊಡಗಿನಲ್ಲಿ ಎರಡು ಗುರುತು ಕೊಟ್ಟರೆ ಮೂರನೆಯದನ್ನು ಓದುಗರೇ ಸೇರಿಸಿಕೊಂಡು ಸೀದಾ ಮನೆ ಬಾಗಿಲಿಗೆ ಬರುತ್ತಾರೆ. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಭೆಯ, ಅಂದರೆ ಚರ್ಚಿನ ಸಮುದಾಯದ, ನಾಯಕನೊಬ್ಬ ನೈತಿಕವಾಗಿ ಜಾರಿದಾಗ ಅದನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕೆ? "ಒಪ್ಪಿಕೊಳ್ಳಲಿ, ಮುಚ್ಚಿಟ್ಟದ್ದು ಕೊಳೆಯುತ್ತದೆ" ಎನ್ನುವವರು ಇದ್ದಾರೆ. "ಮನೆಯ ಮಾತು ಬೀದಿಗೇಕೆ, ದೇವರ ಮುಂದೆ ಹೇಳಿಕೊಂಡರೆ ಸಾಲದೆ" ಎನ್ನುವವರೂ ಇದ್ದಾರೆ. ಇಬ್ಬರೂ ಪಾಪ, ಅಪರಾಧ, ಹುದ್ದೆ, ಪ್ರಕಟಣೆ ಎಂಬ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಜಗಳವಾಡುತ್ತಾರೆ. ಗಂಟು ಬಿಚ್ಚಿದರೆ ಜಗಳ ಅರ್ಧ ಕಡಿಮೆಯಾಗುತ್ತದೆ.

ಒಳಕೋಣೆ ಮತ್ತು ಜಗಲಿ

ಕ್ರೈಸ್ತರಲ್ಲದ ನೆರೆಹೊರೆಯವರು ಮೊದಲು ಕೇಳುವುದು ಇದನ್ನೇ: "ನಿಮ್ಮಲ್ಲಿ ಪಾಪ ಹೇಳಿಕೊಳ್ಳುವ ಪೆಟ್ಟಿಗೆ ಇದೆಯಲ್ಲ, ಪಾದ್ರಿಗಳೂ ಅಲ್ಲಿ ಹೇಳಿಕೊಂಡರೆ ಆಯಿತಲ್ಲ?" ವಿರಾಜಪೇಟೆಯ ಕೊಂಕಣಿ ಮನೆಗಳಲ್ಲಿ ಅದಕ್ಕೆ ಕುಮ್ಸಾರ್ ಎನ್ನುತ್ತಾರೆ, ಮಲಯಾಳಿಗಳು ಕುಂಬಸಾರಂ. ಎರಡೂ ಪೋರ್ಚುಗೀಸರಿಂದ ಬಂದು ನಮ್ಮ ನಾಲಿಗೆಗೆ ಒಗ್ಗಿದ ಪದಗಳು. ಕನ್ನಡದ ಪೂಜೆಯಲ್ಲಿ ಪಾಪನಿವೇದನೆ. ಪಾದ್ರಿಗಳೂ ಅದಕ್ಕೆ ಹೊರತಲ್ಲ. ಅವರು ಇನ್ನೊಬ್ಬ ಪಾದ್ರಿಯ ಮುಂದೆ ಮಂಡಿಯೂರುತ್ತಾರೆ, ಬಿಷಪ್ಪರೂ ಹಾಗೆಯೇ, ಪೋಪರೂ ಹಾಗೆಯೇ.

ಆದರೆ ಆ ಪೆಟ್ಟಿಗೆಯಲ್ಲಿ ಹೇಳಿದ್ದು ಅಲ್ಲಿಯೇ ಉಳಿಯುತ್ತದೆ. ಕೇಳಿಸಿಕೊಂಡವರು ಅದನ್ನು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. 1215ರಲ್ಲಿ ರೋಮಿನಲ್ಲಿ ಬಿಷಪ್ಪರು ಸೇರಿದ್ದ ನಾಲ್ಕನೆಯ ಲ್ಯಾಟರನ್ ಮಹಾಸಭೆ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಗುಟ್ಟು ಒಡೆದ ಪಾದ್ರಿಯನ್ನು ಹುದ್ದೆಯಿಂದ ಕಿತ್ತು ಮಠದಲ್ಲಿ ಆಜೀವ ಪ್ರಾಯಶ್ಚಿತ್ತಕ್ಕೆ ಹಾಕಬೇಕೆಂದೂ ಅಂದೇ ಬರೆಯಿತು. ಈಗಲೂ ನೇರವಾಗಿ ಗುಟ್ಟು ಒಡೆದವರು ಯಾರ ತೀರ್ಪಿಗೂ ಕಾಯದೆ, ಆ ಕ್ಷಣದಲ್ಲಿಯೇ ಸಭೆಯಿಂದ ಬಹಿಷ್ಕೃತರಾಗುತ್ತಾರೆ. ಹಾಗಾಗಿ ಒಬ್ಬ ಪಾದ್ರಿ ತನ್ನ ತಪ್ಪನ್ನು ಪಾಪನಿವೇದನೆಯಲ್ಲಿ ಎಷ್ಟು ಸಲ ಹೇಳಿಕೊಂಡರೂ ಆ ಮಾತಿನಿಂದ ಅವರ ವರ್ಗಾವಣೆಯಾಗಲಿ, ಅಮಾನತಾಗಲಿ, ನೊಂದವರಿಗೆ ಪರಿಹಾರವಾಗಲಿ ಆಗುವುದಿಲ್ಲ, ಆಗಲೂ ಕೂಡದು. ಅದು ಮನೆಯ ಒಳಕೋಣೆ. ದೂರು, ವಿಚಾರಣೆ, ಶಿಕ್ಷೆ, ಪ್ರಕಟಣೆ ಇವೆಲ್ಲ ಜಗಲಿಯ ವ್ಯವಹಾರ. ಸಭಾ ಕಾನೂನು ಇವೆರಡನ್ನು ಬೇರೆಬೇರೆಯಾಗಿಯೇ ಇಟ್ಟಿದೆ. "ಅವರು ದೇವರ ಮುಂದೆ ಒಪ್ಪಿಕೊಂಡಾಯಿತು, ಇನ್ನು ನಾವು ಯಾರು ಕೇಳಲು" ಎಂದು ಯಾರಾದರೂ ಹೇಳಿದರೆ ಒಳಕೋಣೆಯ ಬೀಗವನ್ನು ತಂದು ಜಗಲಿಗೆ ಹಾಕುತ್ತಿದ್ದಾರೆ ಎಂದೇ ಅರ್ಥ.

ಇನ್ನೊಂದು ನಿಯಮ ನಮ್ಮ ಕಡೆ ಹೆಚ್ಚಿನವರಿಗೆ ತಿಳಿದಿಲ್ಲ. ಪಾದ್ರಿ ತನ್ನೊಂದಿಗೆ ಲೈಂಗಿಕ ಪಾಪದಲ್ಲಿ ಭಾಗಿಯಾದವರಿಗೆ ತಾನೇ ಪಾಪಕ್ಷಮೆ ಕೊಡುವಂತಿಲ್ಲ. ಸಾವಿನ ಅಂಚಿನಲ್ಲಿ ಹೊರತು, ಕೊಟ್ಟರೆ ಅದು ಊರ್ಜಿತವೇ ಅಲ್ಲ, ಕೊಟ್ಟವರಿಗೆ ಬಹಿಷ್ಕಾರ. ತಪ್ಪು ಮಾಡಿಸಿದ ಕೈಯೇ ತಪ್ಪನ್ನು ಒರೆಸಿಹಾಕಬಾರದೆಂದು ಸಭೆ ಎಂದೋ ಕಂಡುಕೊಂಡಿತ್ತು. ಈ ನಿಯಮವನ್ನು ನೆನಪಿನಲ್ಲಿಡಿ.

ಲಿಯೋನ ಎರಡು ಪತ್ರಗಳು

ಬಹಿರಂಗ ಒಪ್ಪಿಗೆ ಹೊಸ ಕಾಲದ ಟಿವಿ ಬೋಧಕರಿಂದ ಬಂದದ್ದೆಂದು ಕೆಲವರು ತಿಳಿದಿದ್ದಾರೆ. ಅದು ಪೆಟ್ಟಿಗೆಗಿಂತ ಹಳೆಯದು. ಮೊದಲ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ಧರ್ಮತ್ಯಾಗದಂಥ ದೊಡ್ಡ ಪಾಪ ಮಾಡಿದವರು ಪ್ರಾಯಶ್ಚಿತ್ತಿಗಳ ಸಾಲಿಗೆ ಸೇರಬೇಕಿತ್ತು. ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನವಿಲ್ಲ, ವರ್ಷಗಟ್ಟಲೆ ಉಪವಾಸ, ಅಳು, ಸಭೆಯವರ ಕಣ್ಣೆದುರಿನ ನಿಲುವು. ದೀಕ್ಷಾಸ್ನಾನದ ನಂತರ ಜೀವಮಾನದಲ್ಲಿ ಒಮ್ಮೆ ಮಾತ್ರ ಈ ಅವಕಾಶ. 390ರಲ್ಲಿ ಥೆಸಲೋನಿಕದ ಹತ್ಯಾಕಾಂಡಕ್ಕೆ ಕಾರಣನಾದ ಚಕ್ರವರ್ತಿ ಥಿಯೊಡೋಸಿಯಸ್‌ನಿಗೆ ಮಿಲಾನಿನ ಬಿಷಪ್ ಆಂಬ್ರೋಸ್ ಪ್ರಾಯಶ್ಚಿತ್ತವಿಲ್ಲದೆ ಪ್ರಭು ಭೋಜನವಿಲ್ಲ ಎಂದುಬಿಟ್ಟರು, ಚಕ್ರವರ್ತಿ ತಲೆಬಾಗಿದ.

ಈ ಪದ್ಧತಿ ಏಕೆ ಸವೆಯಿತು? ಸುಮಾರು 391ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪ್ರತಿಷ್ಠಿತ ಮನೆತನದ ಹೆಂಗಸೊಬ್ಬಳ ಒಪ್ಪಿಗೆಯಿಂದ ಅಲ್ಲಿನ ಒಬ್ಬ ಡೀಕನ್‌ನ, ಅಂದರೆ ಪಾದ್ರಿಗಿಂತ ಕೆಳಗಿನ ದರ್ಜೆಯ ಸೇವಕನ, ಜೊತೆಗಿನ ಸಂಬಂಧ ಬಯಲಾಯಿತು. ಊರೆಲ್ಲ ಹೊತ್ತಿಕೊಂಡಿತು. ಬಿಷಪ್ ನೆಕ್ಟೇರಿಯಸ್ ಡೀಕನ್‌ನನ್ನು ತೆಗೆದದ್ದಷ್ಟೇ ಅಲ್ಲ, ಒಪ್ಪಿಗೆ ಕೇಳಲೆಂದು ನೇಮಿಸಿದ್ದ ಪಾದ್ರಿಯ ಹುದ್ದೆಯನ್ನೇ ರದ್ದು ಮಾಡಿದರು. ಮುಂದೆ 459ರಲ್ಲಿ ರೋಮಿನ ಪೋಪ್ ಲಿಯೋ ಇಟಲಿಯ ಬಿಷಪ್ಪರಿಗೆ ಕಟುವಾಗಿ ಬರೆದರು: ಜನರ ಪಾಪಗಳ ಪಟ್ಟಿಯನ್ನು ಬರೆಸಿಕೊಂಡು ಎಲ್ಲರ ಮುಂದೆ ಓದುವುದನ್ನು ನಿಲ್ಲಿಸಿ, ಗುಟ್ಟಾಗಿ ಪಾದ್ರಿಗೆ ಹೇಳಿದರೆ ಸಾಕು. ಅವರು ಕೊಟ್ಟ ಕಾರಣ ಕೊಡಗಿನ ಯಾವ ಹಳ್ಳಿಗೂ ಹೊಂದುತ್ತದೆ. ನಾಚಿಕೆಯಿಂದ ಜನ ಪ್ರಾಯಶ್ಚಿತ್ತಕ್ಕೇ ಬಾರದೆ ಹೋದಾರು. ಆಗದವರು ಆ ಮಾತನ್ನೇ ಹಿಡಿದು ಕಾನೂನಿನ ಕಟಕಟೆಗೆ ಎಳೆದಾರು.

ಇಲ್ಲಿಯವರೆಗೆ ಕೇಳಿದವರು "ಹಾಗಾದರೆ ಲಿಯೋನೇ ತೀರ್ಮಾನಿಸಿದನಲ್ಲ" ಎನ್ನಬಹುದು. ಅದೇ ಕಾಲದ ಇನ್ನೊಂದು ಪತ್ರವಿದೆ, ನಾರ್ಬಾನಿನ ಬಿಷಪ್ ರಸ್ಟಿಕಸ್‌ಗೆ ಬರೆದದ್ದು. ಪಾದ್ರಿ, ಡೀಕನ್‌ಗಳು ತಪ್ಪು ಮಾಡಿದರೆ ಜನಸಾಮಾನ್ಯರಂತೆ ಅವರ ತಲೆಯ ಮೇಲೆ ಕೈಯಿಟ್ಟು ಬಹಿರಂಗ ಪ್ರಾಯಶ್ಚಿತ್ತ ಕೊಡುವುದು ಸಭೆಯ ಸಂಪ್ರದಾಯಕ್ಕೆ ಹೊರತಾದದ್ದು; ಅವರು ಏಕಾಂತಕ್ಕೆ ಸರಿದು ಪ್ರಾಯಶ್ಚಿತ್ತ ಮಾಡಿಕೊಳ್ಳಲಿ. ಅಂದರೆ ಜನಸಾಮಾನ್ಯರು ಗೋಣಿತಟ್ಟು ಉಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದ ಕಾಲದಲ್ಲಿಯೂ ಪಾದ್ರಿಗೆ ಆ ನಿಲುವು ಇರಲಿಲ್ಲ.

ಓದಿದಾಗ ನನಗೆ ಸಿಟ್ಟು ಬಂತು. ಆಮೇಲೆ ಇನ್ನೊಂದು ಮಗ್ಗುಲು ಕಂಡಿತು. ಅಂದಿನ ಸಭೆ ಪಾದ್ರಿಯನ್ನು ಎಲ್ಲರ ಮುಂದೆ ಅಳಿಸುತ್ತಿರಲಿಲ್ಲ, ಹುದ್ದೆಯಿಂದ ಕಿತ್ತುಹಾಕುತ್ತಿತ್ತು. ಪುರಾತನ ನಿಯಮವೊಂದು ಇದನ್ನು ಬಿಡಿಸಿಯೇ ಹೇಳುತ್ತದೆ: ವ್ಯಭಿಚಾರ, ಸುಳ್ಳು ಪ್ರಮಾಣ, ಕಳ್ಳತನದಲ್ಲಿ ಸಿಕ್ಕಿದ ಬಿಷಪ್, ಪಾದ್ರಿ, ಡೀಕನ್ ಹುದ್ದೆ ಕಳೆದುಕೊಳ್ಳಲಿ, ಆದರೆ ಸಭೆಯಿಂದ ಹೊರಹಾಕುವುದು ಬೇಡ, ಒಂದೇ ತಪ್ಪಿಗೆ ಎರಡು ಶಿಕ್ಷೆ ಸಲ್ಲದು. ಕಣ್ಣೀರು ಬೇಡ, ಕುರ್ಚಿ ಬಿಡಲಿ ಎಂಬ ಲೆಕ್ಕ. ನಾವು ಇಂದು ಮಾಡುತ್ತಿರುವುದು ಇದರ ತಲೆಕೆಳಗು. ಕಣ್ಣೀರೂ ಇಲ್ಲ, ಕುರ್ಚಿಯೂ ಹೋಗಿಲ್ಲ, ಊರು ಮಾತ್ರ ಬದಲಾಗಿದೆ.

ಪೌಲ ಬರೆದ ಎರಡು ವಚನಗಳು

ಬೈಬಲ್ ಏನನ್ನುತ್ತದೆ? ಯಾಕೋಬನ ಪತ್ರದಲ್ಲಿ ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಎಂಬ ಮಾತಿದೆ, ಎಲ್ಲರೂ ಎತ್ತುವುದು ಅದನ್ನೇ. ಆದರೆ ನಾಯಕರ ವಿಷಯಕ್ಕೆ ನೇರವಾಗಿ ತಾಗುವುದು ಸಭೆಯ ಹೊಣೆ ಹೊತ್ತಿದ್ದ ತಿಮೊಥೆಯನಿಗೆ ಅಪೊಸ್ತಲ ಪೌಲ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯ, 19 ಮತ್ತು 20ನೆಯ ವಚನಗಳು. ಸಭೆಯ ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಎತ್ತಿಕೊಳ್ಳಬೇಡ, ಇದು ಒಂದು. ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಗದರಿಸು, ಉಳಿದವರಿಗೂ ಭಯವಿರಲಿ, ಇದು ಇನ್ನೊಂದು. ಮೊದಲನೆಯದು ಸುಳ್ಳು ದೂರಿನಿಂದ ಪಾದ್ರಿಯನ್ನು ಕಾಯುತ್ತದೆ, ಎರಡನೆಯದು ನಿಜವಾದ ತಪ್ಪಿನಿಂದ ಸಭೆಯನ್ನು ಕಾಯುತ್ತದೆ. ನಮ್ಮಲ್ಲಿ ಮೊದಲ ವಚನ ಬಾಯಿಪಾಠ, ಎರಡನೆಯದರ ಪುಟ ಅಂಟಿಕೊಂಡಿದೆ.

ಇನ್ನೂ ಹತ್ತಿರದಿಂದ ನೋಡಿದರೆ, ಎಲ್ಲರ ಮುಂದೆ ಮಾತನಾಡುವವನು ತಪ್ಪು ಮಾಡಿದವನಲ್ಲ, ತಿಮೊಥೆಯ. ತಪ್ಪಿತಸ್ಥನನ್ನು ವೇದಿಕೆಗೆ ಹತ್ತಿಸಿ ಮೈಕು ಕೊಡು ಎಂದು ಪೌಲ ಎಲ್ಲಿಯೂ ಬರೆದಿಲ್ಲ. ದಾವೀದನ ಕಥೆಯೂ ಹಾಗೆಯೇ. ಊರೀಯನ ಹೆಂಡತಿಯನ್ನು ಅರಮನೆಗೆ ಕರೆಸಿ, ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ಸಾಯಿಸಿದ ಅರಸ ತಾನಾಗಿ ಬಾಯಿ ಬಿಡಲಿಲ್ಲ. ಪ್ರವಾದಿ ನಾತಾನ ಬಂದು ಬಡವನ ಒಂದೇ ಕುರಿಮರಿಯ ಕಥೆ ಹೇಳಿ, "ಆ ಮನುಷ್ಯ ನೀನೇ" ಎಂದ ಮೇಲೆಯೇ ಅರಸನ ಬಾಯಿಂದ "ಪಾಪ ಮಾಡಿದ್ದೇನೆ" ಎಂಬ ಮಾತು ಬಂದದ್ದು. ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನ ಹೇಡಿತನವನ್ನು ನಾಲ್ಕು ಸುವಾರ್ತೆಗಳೂ ದಾಖಲಿಸಿವೆ, ಒಂದನ್ನೂ ಪೇತ್ರ ತನ್ನ ಹೆಸರಿನಲ್ಲಿ ಬರೆದಿಲ್ಲ. ನಾಯಕನ ತಪ್ಪನ್ನು ಹೇಳುವ ಬಾಯಿ ಸಭೆಯದಾಗಿರಬೇಕು ಎಂಬ ನನ್ನ ಹಟಕ್ಕೆ ಇವೇ ಆಧಾರ.

ತಪ್ಪು ಮಾಡಿದವನೇ ಹೇಳಲು ನಿಂತರೆ ಏನಾಗುತ್ತದೆ ಎಂಬುದಕ್ಕೆ 1988ರ ಫೆಬ್ರವರಿ 21ರಷ್ಟು ಒಳ್ಳೆಯ ಉದಾಹರಣೆ ಇಲ್ಲ. ಅಮೆರಿಕದ ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್ ವೇಶ್ಯೆಯೊಂದಿಗೆ ಸಿಕ್ಕಿಬಿದ್ದ ಮೇಲೆ ಬ್ಯಾಟನ್ ರೂಜ್‌ನ ತಮ್ಮದೇ ಸಭೆಯಲ್ಲಿ ನಿಂತು, ಕೆನ್ನೆ ತೋಯಿಸಿಕೊಂಡು, ಹೆಂಡತಿಯ ಕ್ಷಮೆ ಕೇಳಿ, ಮಗನ ಕ್ಷಮೆ ಕೇಳಿ, ದೇವರ ಕಡೆಗೆ ಮುಖವೆತ್ತಿ ಪಾಪ ಮಾಡಿದ್ದೇನೆ ಎಂದರು. ಜನರೂ ಅತ್ತರು. ಏನು ಮಾಡಿದೆ ಎಂದು ಮಾತ್ರ ಹೇಳಲಿಲ್ಲ. ಅವರ ಪಂಗಡ ಒಂದು ವರ್ಷ ಬೋಧನೆ ಬೇಡ ಎಂದಿತು. ಅವರು ಒಪ್ಪಲಿಲ್ಲ, ಪಂಗಡ ಅವರನ್ನು ಕೈಬಿಟ್ಟಿತು, ಮೂರು ತಿಂಗಳಿಗೆ ಅವರು ವೇದಿಕೆಗೆ ಮರಳಿದರು. 1991ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮತ್ತೆ ಅದೇ ಬಗೆಯಲ್ಲಿ ಸಿಕ್ಕಾಗ ಸಭೆಗೆ ಸಿಕ್ಕ ಉತ್ತರ, ಇದು ನಿಮಗೆ ಸಂಬಂಧಿಸಿದ್ದಲ್ಲ ಎಂದು ದೇವರು ಹೇಳಿದ್ದಾನೆ ಎಂಬುದು. ಮೊದಲ ಸಲದ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಆದರೆ ಮಾತಿನಿಂದಲೇ ಜನರನ್ನು ಕಟ್ಟಿಹಾಕಬಲ್ಲವನ ಕೈಗೆ ಅವನ ತಪ್ಪಿನ ದಿನವೂ ಅದೇ ಮೈಕನ್ನು ಕೊಟ್ಟರೆ, ಅಂದೂ ಅವನು ಬೋಧನೆಯನ್ನೇ ಮಾಡುತ್ತಾನೆ.

ಇದಕ್ಕೆ ಎದುರಿನ ತುದಿಯಲ್ಲಿ ಸ್ಕಾಟ್ಲೆಂಡಿನ ಕಾರ್ಡಿನಲ್ ಕೀತ್ ಓಬ್ರಯನ್. 2013ರಲ್ಲಿ ಹುದ್ದೆ ಬಿಟ್ಟ ಕೆಲವೇ ದಿನಗಳಲ್ಲಿ, ತಮ್ಮ ಲೈಂಗಿಕ ನಡತೆ ಪಾದ್ರಿಗೆ, ಆರ್ಚ್‌ಬಿಷಪ್ಪರಿಗೆ, ಕಾರ್ಡಿನಲ್‌ಗೆ ತಕ್ಕ ಮಟ್ಟಕ್ಕಿಂತ ಕೆಳಗಿತ್ತು ಎಂದು ಹೇಳಿಕೆ ಕೊಟ್ಟರು. ಅಳು ಇಲ್ಲ, ನಾಟಕವಿಲ್ಲ. ಯಾರಿಗೆ ಏನು ಮಾಡಿದೆ ಎಂಬುದೂ ಇಲ್ಲ. ದೂರು ಕೊಟ್ಟಿದ್ದವರು ಅವರ ಕೈಕೆಳಗಿನ ಪಾದ್ರಿಗಳಾಗಿದ್ದರು. "ಮಟ್ಟಕ್ಕಿಂತ ಕೆಳಗೆ" ಎನ್ನಲು ನಡತೆಯೇನು ಹೊಳೆಯ ನೀರೇ?

ಎಲ್ಲವನ್ನೂ ಹೇಳಬೇಕೆ?

ಇಲ್ಲ. ಪಾದ್ರಿಗೆ ಸಿಟ್ಟು ಬರುತ್ತದೆ, ಅಸೂಯೆ ಆಗುತ್ತದೆ, ಕೆಲವು ರಾತ್ರಿ ದೇವರಿದ್ದಾನೆಯೇ ಎಂಬ ಸಂಶಯವೂ ಬರುತ್ತದೆ. ಕೊಡವರ ಮದುವೆ ಮನೆಯಲ್ಲಿ ಒಂದು ಲೋಟ ಎತ್ತಿದ ಪಾದ್ರಿ ಮದ್ಯವನ್ನು ಒಪ್ಪದ ಪೆಂತೆಕೊಸ್ತ ಪಂಗಡದವರ ಪಾಲಿಗೆ ಜಾರಿದವ, ನೆಂಟರ ಪಾಲಿಗೆ ನಮ್ಮವ. ಇಂಥವನ್ನೆಲ್ಲ ಜಗಲಿಗೆ ತಂದರೆ ಆರಾಧನೆ ಹರಟೆಯಾಗುತ್ತದೆ. ಅದಕ್ಕಾಗಿಯೇ ಕಥೋಲಿಕರ ಬಲಿಪೂಜೆಯ ಆರಂಭದಲ್ಲಿ ಪಾದ್ರಿಯೂ ಜನರೊಂದಿಗೆ ಎದೆ ತಟ್ಟಿಕೊಂಡು ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆ ಇದೆ. ಮಡಿಕೇರಿ ಕೋಟೆಯೊಳಗೆ 1855ರಲ್ಲಿ ಇಂಗ್ಲಿಷರು ಕಟ್ಟಿಕೊಂಡ ಸೇಂಟ್ ಮಾರ್ಕ್ಸ್ ಚರ್ಚ್ ಈಗ ವಸ್ತುಸಂಗ್ರಹಾಲಯ. ಅಲ್ಲಿ ನಡೆಯುತ್ತಿದ್ದ ಆಂಗ್ಲಿಕನ್ ಪ್ರಾರ್ಥನಾ ಕ್ರಮದಲ್ಲಿಯೂ ದಾರಿ ತಪ್ಪಿದ ಕುರಿಗಳಂತಾಗಿದ್ದೇವೆ ಎಂಬ ಸಾಮೂಹಿಕ ಅರಿಕೆ ಪಾದ್ರಿಗೂ ಅಧಿಕಾರಿಗೂ ಒಂದೇ ಆಗಿತ್ತು. ದಿನನಿತ್ಯದ ಬೀಳುವಿಕೆಗೆ ಅಷ್ಟು ಸಾಕು.

ಗೆರೆ ಎಲ್ಲಿ ಎಳೆಯಬೇಕು? ತಪ್ಪು ಮಾಡಲು ಹುದ್ದೆಯೇ ಸಲಕರಣೆಯಾಗಿತ್ತೇ ಎಂದು ಕೇಳಿಕೊಳ್ಳಿ. ಹಣದ ವಿಷಯ ಸುಲಭ. ಚಂದಾ ಎಲ್ಲರದು, ಲೆಕ್ಕವೂ ಎಲ್ಲರ ಮುಂದೆ. ಕಷ್ಟವಿರುವುದು ಮೈ ಮನಸ್ಸಿನ ವಿಷಯದಲ್ಲಿ. ಗಂಡ ಕುಡಿದು ಹೊಡೆಯುತ್ತಾನೆಂದು ಹೇಳಿಕೊಳ್ಳಲು ಲೈನ್ ಮನೆಯ ಹೆಂಗಸೊಬ್ಬಳು ಪಾದ್ರಿಯ ಬಳಿ ಬಂದಳು ಎನ್ನಿ. ಮಗುವಿನ ಶಾಲೆಯ ಸೀಟು ಅವರ ಮಾತಿನಲ್ಲಿದೆ, ತೋಟದ ಮಾಲೀಕರಿಗೆ ಅವರು ಹೇಳಿದರೆ ಕೆಲಸ ಉಳಿಯುತ್ತದೆ. ಅಲ್ಲಿ ಆದದ್ದನ್ನು ಊರು "ಸಂಬಂಧ" ಎನ್ನುತ್ತದೆ, "ಇಬ್ಬರೂ ಜಾರಿದರು" ಎನ್ನುತ್ತದೆ. ಆ ಹಳೆಯ ನಿಯಮವನ್ನು ಈಗ ನೆನಪಿಸಿಕೊಳ್ಳಿ: ತನ್ನೊಂದಿಗೆ ಬಿದ್ದವಳನ್ನು ಪಾದ್ರಿಯೇ ಕ್ಷಮಿಸುವಂತಿಲ್ಲ. ಇಬ್ಬರ ನಿಲುವು ಒಂದೇ ಎತ್ತರದಲ್ಲಿರಲಿಲ್ಲ ಎಂಬುದನ್ನು ಸಭೆಯ ಕಾನೂನು ಒಪ್ಪಿಕೊಂಡಾಗಿದೆ. ಊರು ಇನ್ನೂ ಒಪ್ಪಿಕೊಂಡಿಲ್ಲ.

ಪಾದ್ರಿ ತಾನಾಗಿ ಬಹಿರಂಗವಾಗಿ ಹೇಳಿಕೊಳ್ಳುವುದರ ನಿಜವಾದ ಅಪಾಯವೂ ಇಲ್ಲಿದೆ. ಅವರು ಹೆಸರು ಹೇಳದಿರಬಹುದು. ಆದರೆ ನಮ್ಮಲ್ಲಿ ಪರಿಚಯದ ಮೊದಲ ಪ್ರಶ್ನೆಯೇ "ಯಾವ ಮನೆಯವರು?" ಎಂಬುದು. "ಎರಡು ವರ್ಷದ ಹಿಂದೆ, ಕೌಟುಂಬಿಕ ಸಲಹೆಗೆ ಬಂದವರೊಂದಿಗೆ" ಎಂದರೆ ಸಾಕು, ಆರಾಧನೆ ಮುಗಿಯುವುದರೊಳಗೆ ಮನೆ ಸಿಕ್ಕಿರುತ್ತದೆ. ತನ್ನ ಮನಸ್ಸು ಹಗುರ ಮಾಡಿಕೊಳ್ಳಲು ಪಾದ್ರಿ ಹೇಳಿದ ಸತ್ಯದ ಭಾರ ಅವಳ ತಲೆಗೆ ಬೀಳುತ್ತದೆ. ಹಾಗಾಗಿ ಏನು ಹೇಳಬೇಕು, ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ನೊಂದವರನ್ನು ಮೊದಲು ಕೇಳಿಯೇ ಬರೆಯಬೇಕು. ಪಾದ್ರಿಯ ಪಶ್ಚಾತ್ತಾಪಕ್ಕೆ ಆತುರವಿದ್ದರೆ ಕಾಯಲಿ.

ಅಪರಾಧವಾದರೆ ಠಾಣೆ

ತಪ್ಪು ಅಪರಾಧವೂ ಆಗಿದ್ದರೆ ಈ ಚರ್ಚೆಗೇ ಜಾಗವಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮು, ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ. 21ನೆಯ ಕಲಮಿನ ಪ್ರಕಾರ ತಿಳಿಸದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ. ಸಂಸ್ಥೆಯ ಮುಖ್ಯಸ್ಥರು ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಪಾದ್ರಿಗಳಿಗೆ ಅದರಲ್ಲಿ ವಿನಾಯಿತಿ ಬರೆದಿಲ್ಲ. ನಮ್ಮ ಗಡಿಯಾಚೆ ಕಣ್ಣೂರು ಜಿಲ್ಲೆಯ ಕೊಟ್ಟಿಯೂರಿನ ಪಾದ್ರಿಯೊಬ್ಬರಿಗೆ ತಲಶ್ಶೇರಿಯ ಪೋಕ್ಸೊ ನ್ಯಾಯಾಲಯ 2019ರಲ್ಲಿ 20 ವರ್ಷ ಸೆರೆ ವಿಧಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು 10 ವರ್ಷಕ್ಕೆ ಇಳಿಸಿತು. ಅಂಥಲ್ಲಿ "ಸಭೆಯ ಮುಂದೆ ಒಪ್ಪಿಕೊಳ್ಳಲಿ" ಎನ್ನುವುದು ಕೂಡ ಒಂದು ಬಗೆಯ ಮುಚ್ಚಿಡುವಿಕೆಯೇ.

ವಯಸ್ಕರ ಒಪ್ಪಿತ ಸಂಬಂಧದ ಮಾತು ಬೇರೆ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ವ್ಯಭಿಚಾರವನ್ನು ಅಪರಾಧಗಳ ಪಟ್ಟಿಯಿಂದ ತೆಗೆದುಹಾಕಿತು. ಕಾನೂನಿಗೆ ಅಪರಾಧವಲ್ಲದ್ದು ಸಭೆಗೆ ದ್ರೋಹವಾಗಿರಬಹುದು, ಅಲ್ಲಿ ಸಭೆಯ ಶಿಸ್ತೇ ಕೆಲಸ ಮಾಡಬೇಕು. ಇನ್ನೊಂದು ಸಂಗತಿ ವಕೀಲರು ಪಾದ್ರಿಗಳ ಕಿವಿಯಲ್ಲಿ ಹೇಳುವಂಥದ್ದು: ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ, ಆದರೆ ಊರವರ ಮುಂದೆ, ವೇದಿಕೆಯ ಮೇಲೆ ಆಡಿದ್ದು ಆಗಬಹುದು. ಅದು ದುರ್ಬಲ ಸಾಕ್ಷ್ಯ, ಬೇರೆ ಆಧಾರ ಬೇಕಾಗುತ್ತದೆ, ಆದರೂ ಸಾಕ್ಷ್ಯವೇ. ಹೇಳಿಕೆಗಳೆಲ್ಲ ಮಂಜು ಕವಿದಂತಿರುವುದಕ್ಕೆ ಪಾಪಪ್ರಜ್ಞೆಗಿಂತ ಈ ಸಲಹೆಯೇ ಹೆಚ್ಚಿನ ಕಾರಣ ಎಂದು ನನ್ನ ಗುಮಾನಿ.

ಕಿತ್ತ ಗಿಡವನ್ನು ಎಲ್ಲಿಡುತ್ತೀರಿ?

ಮೌನಕ್ಕೆ ಕಾರಣಗಳಿಲ್ಲವೆಂದಲ್ಲ. 1792ರಲ್ಲಿ ದೊಡ್ಡ ವೀರರಾಜೇಂದ್ರನ ಆಶ್ರಯದಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನ ಚರ್ಚ್ ನೆಲೆ ನಿಂತದ್ದು ಶ್ರೀರಂಗಪಟ್ಟಣದ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಂದ. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅಮ್ಮತ್ತಿಯ ಕಡೆ ಆನಂದಪುರ ಕಟ್ಟಿದ್ದು ಜೀತದಲ್ಲಿ ಬೆಂದಿದ್ದವರಿಗಾಗಿ. ಈ ಸಮುದಾಯದ ಬೇರಿನಲ್ಲಿಯೇ ಹೆದರಿಕೆ ಇದೆ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿಯಾದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. "ನಾವೇ ನಮ್ಮ ಕೊಳೆ ಎತ್ತಿ ತೋರಿಸಿದರೆ ಆಗದವರ ಬಾಯಿಗೆ ಸಕ್ಕರೆ" ಎನ್ನುವ ಹಿರಿಯರನ್ನು ನಾನು ಹಂಗಿಸಲಾರೆ. ಆದರೆ ನಮ್ಮ ಟೀಚರ್ ಬಾಗಿಲ ಬೆಂಚಿಗೆ ಬಂದದ್ದು ಹೊರಗಿನವರ ಬಾಯಿಂದಲ್ಲ.

ಕೊಡಗಿನ ಕಥೋಲಿಕರಲ್ಲಿ ಹಲವರು ಮೈಸೂರು ಧರ್ಮಕ್ಷೇತ್ರಕ್ಕೆ, ಅಂದರೆ ಮೈಸೂರಿನ ಬಿಷಪ್ಪರ ಆಡಳಿತದ ವ್ಯಾಪ್ತಿಗೆ, ಸೇರಿದವರು. ಅಲ್ಲಿನ ಬಿಷಪ್ಪರ ಮೇಲೆ ಅವರದೇ ಪಾದ್ರಿಗಳ ಗುಂಪು ರೋಮಿಗೆ ದೂರು ಬರೆಯಿತು, ಅವರು ಆರೋಪಗಳನ್ನು ಅಲ್ಲಗಳೆದರು. 2023ರ ಜನವರಿಯಲ್ಲಿ ಅವರನ್ನು ಹೊಣೆಯಿಂದ ದೂರವಿರಿಸಿ ಆಡಳಿತಾಧಿಕಾರಿಯನ್ನು ನೇಮಿಸಲಾಯಿತು, 2024ರ ಜನವರಿಯಲ್ಲಿ ರಾಜೀನಾಮೆ ಅಂಗೀಕಾರವಾಯಿತು. ಏಕೆ ಎಂಬುದು ಆ ಪ್ರಕಟಣೆಯಲ್ಲಿರಲಿಲ್ಲ. ಆರೋಪ ನಿಜವಾಗಿದ್ದರೆ ಜನರಿಗೆ ತಿಳಿಯಬೇಕಿತ್ತು. ಸುಳ್ಳಾಗಿದ್ದರೆ ಅದನ್ನು ಎಲ್ಲರ ಮುಂದೆ ಹೇಳಿಸಿಕೊಳ್ಳುವ ಹಕ್ಕು ಅವರಿಗಿತ್ತು. ಮೌನ ಎರಡೂ ಕಡೆಯವರಿಗೆ ಅನ್ಯಾಯ ಮಾಡಿತು.

ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕ ಗೊತ್ತು. ದುಂಬಿ ತೊಗಟೆಯ ಸಂದಿನಲ್ಲಿ ಮೊಟ್ಟೆಯಿಡುತ್ತದೆ, ಹುಳು ಕಾಂಡದೊಳಗೆ ಸುರಂಗ ಕೊರೆದುಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಮೊದಮೊದಲು ಮೇಲೆ ಎಲೆ ಹಸಿರಾಗಿಯೇ ಇರುತ್ತದೆ. ಕಾಂಡದ ಮೇಲೆ ಬೆರಳಾಡಿಸಿದರೆ ಉಬ್ಬುಗೆರೆ ಸಿಗುತ್ತದೆ, ಆಗ ಗಿಡ ಕಿತ್ತು ಸುಡಬೇಕು, ದುಂಬಿ ಹೊರಡುವ ಏಪ್ರಿಲ್–ಮೇ, ಅಕ್ಟೋಬರ್–ಡಿಸೆಂಬರಿಗೆ ಮೊದಲೇ. ನಮ್ಮ ನೆರೆಯವರೊಬ್ಬರು ಕಿತ್ತ ಗಿಡಗಳನ್ನು ಸುಡದೆ, ಸೌದೆಗಾಯಿತೆಂದು ಇನ್ನೊಂದು ತೋಟದ ಕಣದ ಬದಿ ಒಟ್ಟಿದರು. ಹುಳು ಒಣಗಿದ ಕಾಂಡದಿಂದಲೇ ದುಂಬಿಯಾಗಿ ಹಾರಿತು. ಆ ತೋಟದಲ್ಲಿ ಅದುವರೆಗೆ ಕೊರಕವೇ ಇರಲಿಲ್ಲ. "ಆರೋಗ್ಯದ ಕಾರಣದ" ವರ್ಗಾವಣೆ ಎಂದಾಗಲೆಲ್ಲ ನನಗೆ ನೆನಪಾಗುವುದು ಆ ಸೌದೆಯ ರಾಶಿ. ಮನುಷ್ಯನನ್ನು ಸುಡಬೇಕೆಂದಲ್ಲ, ಹಳೆಯ ನಿಯಮವೇ ಅದು ಬೇಡವೆಂದಿದೆ. ಅವನು ಸಭೆಯ ಸದಸ್ಯನಾಗಿ ಹಿಂದಿನ ಬೆಂಚಿನಲ್ಲಿ ಕೂರಲಿ, ಅವನಿಗೂ ಕ್ಷಮೆ ಇದೆ. ಹುದ್ದೆ ಮಾತ್ರ ಇನ್ನೊಂದು ಕಣಕ್ಕೆ ಹೋಗಬಾರದು.

ಸತ್ತವನ ತಪ್ಪನ್ನು ಯಾರು ಒಪ್ಪಿಕೊಳ್ಳಬೇಕು ಎಂದು ಕೇಳಿದರೂ ಉತ್ತರ ಅದೇ ಕಡೆಗೆ ಹೋಗುತ್ತದೆ. ಮದ್ರಾಸಿನಲ್ಲಿ ಹುಟ್ಟಿ ಜಗತ್ಪ್ರಸಿದ್ಧ ಬೋಧಕರಾದ ರವಿ ಝಕರಾಯಸ್ 2020ರ ಮೇ ತಿಂಗಳಲ್ಲಿ ತೀರಿಕೊಂಡರು. 2021ರ ಫೆಬ್ರವರಿಯಲ್ಲಿ ಹೊರಬಂದ ತನಿಖಾ ವರದಿ ಅವರ ಲೈಂಗಿಕ ದುರ್ನಡತೆಯನ್ನು ಬಿಡಿಸಿಟ್ಟಿತು. ಮೊದಲು ಅವರ ಪರ ನಿಂತಿದ್ದ ಸಂಸ್ಥೆಯೇ ನೊಂದವರ ಕ್ಷಮೆ ಕೇಳಬೇಕಾಯಿತು.

ನಮ್ಮ ಸಭೆಯಲ್ಲಿ ಸತ್ಯ ಖಚಿತವಾದ ಮೇಲೆ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: "ಮೊಮ್ಮಗುವಿಗೆ ದೀಕ್ಷಾಸ್ನಾನ ಕೊಟ್ಟದ್ದು ಅವರೇ ಅಲ್ಲವೇನಪ್ಪ, ಅದು ನಿಲ್ಲುತ್ತದೆಯೇ?" ಈ ಪ್ರಶ್ನೆಗೆ ಹದಿನಾರು ಶತಮಾನಗಳಿಗೂ ಹೆಚ್ಚಿನ ವಯಸ್ಸು. ಉತ್ತರ ಆಫ್ರಿಕದ ಡೊನಾಟಿಸ್ಟರೆಂಬ ಪಂಗಡದವರು ಕೆಟ್ಟ ಪಾದ್ರಿಯ ಸಂಸ್ಕಾರ ಸಲ್ಲದು ಎಂದರು. ಅಲ್ಲಿನ ಬಿಷಪ್ ಅಗಸ್ಟೀನ್, ಕೊಡುವವನು ಕ್ರಿಸ್ತನೇ ಹೊರತು ಪಾದ್ರಿಯಲ್ಲ, ಆದ್ದರಿಂದ ಸಲ್ಲುತ್ತದೆ ಎಂದರು. ಸಭೆ ಅಗಸ್ಟೀನರ ಮಾತನ್ನೇ ಹಿಡಿಯಿತು. ಅಜ್ಜಿಗೆ ಅಷ್ಟು ಹೇಳಿದೆ. ಅವರು ನಿಟ್ಟುಸಿರು ಬಿಟ್ಟರು. ಒಂದೂವರೆ ವರ್ಷದ ಊಹಾಪೋಹದಲ್ಲಿ ಈ ಭಯವನ್ನು ಅವರು ಒಬ್ಬರೇ ಹೊತ್ತಿದ್ದರಂತೆ.

ಆ ರಾತ್ರಿ ಕೂತು ಅಂದು ಓದಬೇಕಿದ್ದ ಪ್ರಕಟಣೆಯನ್ನು ನಾನೇ ಬರೆದು ನೋಡಿದೆ. ಪಾದ್ರಿಯ ಬಾಯಿಂದಲ್ಲ, ಸಭೆಯ ಹಿರಿಯರ ಬಾಯಿಂದ ಬರುವಂತೆ. "ಸಲಹೆಗೆಂದು ಬಂದ ವಯಸ್ಕರೊಬ್ಬರ ನಂಬಿಕೆಯನ್ನು ನಮ್ಮ ಪಾದ್ರಿಗಳು ದುರುಪಯೋಗಪಡಿಸಿಕೊಂಡಿದ್ದಾರೆ. ಇದನ್ನು ಬರಹದಲ್ಲಿ ಒಪ್ಪಿಕೊಂಡಿದ್ದಾರೆ. ಅವರನ್ನು ಸೇವೆಯಿಂದ ತೆಗೆಯಲಾಗಿದೆ, ಬೇರೆ ಯಾವ ಸಭೆಗೂ ಕಳುಹಿಸುವುದಿಲ್ಲ. ನೊಂದವರ ಹೆಸರನ್ನು ಕೇಳಬೇಡಿ, ಊಹಿಸಬೇಡಿ. ಬೇರೆ ಯಾರಿಗಾದರೂ ಹೇಳಿಕೊಳ್ಳುವುದಿದ್ದರೆ ಸಭೆಯ ಹೊರಗಿನ ಈ ಇಬ್ಬರ ಬಳಿ ಹೇಳಬಹುದು. ಆ ಪಾದ್ರಿಗಳು ಕೊಟ್ಟ ದೀಕ್ಷಾಸ್ನಾನಗಳು, ನಡೆಸಿದ ಮದುವೆಗಳು ಸಲ್ಲುತ್ತವೆ." ಗಟ್ಟಿಯಾಗಿ ಓದಿದರೆ ಒಂದು ನಿಮಿಷವೂ ಆಗುವುದಿಲ್ಲ.

ಮಾರನೆಯ ವಾರ ಅದನ್ನು ಟೀಚರ್‌ಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಒಂದು ಕಾಗುಣಿತ ತಿದ್ದಿದರು. ಆಮೇಲೆ ಕೊನೆಯಲ್ಲಿ ಒಂದು ಸಾಲು ಸೇರಿಸಿದರು: "ಈ ವಿಷಯದಲ್ಲಿ ನೀವು ಬೇರೆಯವರ ಹೆಸರು ಹೇಳಿದ್ದರೆ ಅದು ಸುಳ್ಳಾಗಿತ್ತು." ಪೆನ್ನಿನ ಮುಚ್ಚಳ ಹಾಕಿ, ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.